ಸೋಯಾ ಹುದುಗಿದರೆ ಸಾಕೇ?

ಎರಡನೇ ಮಹಾಯುದ್ಧದ ಕಾಲ. ಜಾವಾ ದ್ವೀಪವನ್ನು ಹಿಡಿದ ಜಪಾನಿ ಸೇನೆ ಅಲ್ಲಿದ್ದ ಡಚ್ಚರನ್ನು ಸೆರೆಶಿಬಿರಗಳಿಗೆ ತಳ್ಳಿತ್ತು. ಅಕ್ಕಿ ಹೊಟ್ಟೆ ತುಂಬುವಷ್ಟಿಲ್ಲ, ಮಾಂಸದ ಮಾತೇ ಇಲ್ಲ. ಸಿಗುತ್ತಿದ್ದುದು ಸೋಯಾ ಕಾಳು. ಬೇಯಿಸಿ ಕೊಟ್ಟರೆ ಆಮಶಂಕೆಯಿಂದ ನರಳುತ್ತಿದ್ದ ಕೈದಿಗಳಿಗೆ ಅದು ದಕ್ಕುತ್ತಿರಲಿಲ್ಲ. ತಿಂದ ಕಾಳು ತಿಂದಂತೆಯೇ ಹೊರಬೀಳುತ್ತಿತ್ತು. ಅದೇ ಕಾಳಿಗೆ ಜಾವಾದ ಜನ ಮಾಡುವಂತೆ ಬೂಸ್ಟು ಹಿಡಿಸಿ ಟೆಂಪೆ ಮಾಡಿ ಕೊಟ್ಟಾಗ ದಕ್ಕಿತು. ಡಚ್ ವಿಜ್ಞಾನಿ ಪಿ.ಎ. ರೂಲೋಫ್‌ಸೆನ್ ಯುದ್ಧಕೈದಿಗಳ ಶಿಬಿರದಲ್ಲಿ ಟೆಂಪೆ ಮಾಡಿದ ಬಗೆಯನ್ನು 1946ರಲ್ಲಿ ಬರೆದು ಪ್ರಕಟಿಸಿದರು. 1950ರಲ್ಲಿ ಫಾನ್ ಫೇನ್ ಮತ್ತು ಶೇಫರ್ ಆ ಬೂಸ್ಟು ಸೋಯಾ ಕಾಳಿನ ಮೇಲೆ ಏನು ಮಾಡುತ್ತದೆ ಎಂಬುದನ್ನೇ ವಿಷಯವಾಗಿಸಿ ಪ್ರಬಂಧ ಬರೆದರು.

ಹುದುಗಿಸಿದ ಸೋಯಾದ ಪೋಷಣೆಯ ಬಗ್ಗೆ ಜಗತ್ತು ಗಂಭೀರವಾಗಿ ಯೋಚಿಸಲು ತೊಡಗಿದ್ದರ ಹಿಂದೆ ಈ ಶಿಬಿರಗಳ ಅನುಭವವಿದೆ. ಅಂದಿನಿಂದ ಇಂದಿನವರೆಗೆ ಹುದುಗುವಿಕೆಯ ಹೊಗಳಿಕೆ ಏರುತ್ತಲೇ ಬಂದಿದೆ. ಈಗಂತೂ ಹುದುಗಿದ್ದೆಲ್ಲ ಅಮೃತ ಎನ್ನುವ ಮಟ್ಟಕ್ಕೆ ಮಾತು ಬಂದು ನಿಂತಿದೆ. ಆದರೆ ಪ್ರಯೋಗಾಲಯದ ಲೆಕ್ಕ ಅಷ್ಟು ಸಲೀಸಾಗಿಲ್ಲ. ಯಾವ ಲಾಭ ನೀರಿನದು, ಯಾವುದು ಬೆಂಕಿಯದು, ಯಾವುದು ಬೂಸ್ಟಿನದು, ಯಾವುದು ಯಾರೂ ಕರೆಯದೆ ಬಂದು ಸೇರಿದ ಬ್ಯಾಕ್ಟೀರಿಯಾದ್ದು ಎಂದು ಬಿಡಿಸಿ ನೋಡಿದವರಿಗೆ ಮಾತ್ರ ಈ ಆಹಾರವನ್ನು ಇನ್ನಷ್ಟು ಪುಷ್ಟಿಗೊಳಿಸುವ ದಾರಿ ಸಿಕ್ಕಿದೆ.

ಮೊದಲು ಕಾಳಿನ ಗುಣ. ಒಣ ಸೋಯಾದಲ್ಲಿ ಶೇ 36ರಿಂದ 40ರಷ್ಟು ಪ್ರೋಟೀನು, ಶೇ 20ರ ಆಸುಪಾಸಿನಲ್ಲಿ ಎಣ್ಣೆ. ತೊಗರಿ, ಕಡಲೆ, ಹೆಸರು ಯಾವುದೂ ಇದರ ಹತ್ತಿರ ಸುಳಿಯುವುದಿಲ್ಲ. ಆದರೂ ಬೀದರ್, ಬೆಳಗಾವಿ, ಧಾರವಾಡದ ಹೊಲಗಳಲ್ಲಿ ಮುಂಗಾರಿಗೆ ಇಷ್ಟು ಸೋಯಾ ಬೆಳೆದರೂ ಅದು ನಮ್ಮ ಅಡುಗೆಮನೆಯ ಡಬ್ಬಿಗೆ ಬರುವುದು ಅಪರೂಪ. ಗಾಣಕ್ಕೆ ಹೋಗಿ ಎಣ್ಣೆಯಾಗುತ್ತದೆ, ಹಿಂಡಿ ಕೋಳಿ, ದನಗಳ ಪಾಲಾಗುತ್ತದೆ. ಬೆಳೆದ ರೈತನ ಮನೆಯಲ್ಲೇ ಅದನ್ನು ಬೇಯಿಸಿ ಉಣ್ಣುವುದಿಲ್ಲ. ಕಾರಣ ಕೇಳಿದರೆ ಎರಡೇ ಮಾತು: ವಾಸನೆ, ಗ್ಯಾಸು.

ಎರಡೂ ದೂರು ಸುಳ್ಳಲ್ಲ. ಹಸಿ ಕಾಳನ್ನು ನೀರಿನೊಂದಿಗೆ ಅರೆದ ಕೂಡಲೇ ಲಿಪಾಕ್ಸಿಜನೇಸ್ ಎಂಬ ಕಿಣ್ವ ಎಣ್ಣೆಯ ಅಂಶವನ್ನು ಒಡೆದು ಆ ಹಸಿ ನಾತವನ್ನು ಹುಟ್ಟಿಸುತ್ತದೆ. ರಾಫಿನೋಸ್, ಸ್ಟಾಕಿಯೋಸ್ ಎಂಬ ಸಕ್ಕರೆಗಳು ನಮ್ಮ ಸಣ್ಣಕರುಳಿನಲ್ಲಿ ಜೀರ್ಣವಾಗದೆ ದೊಡ್ಡ ಕರುಳಿಗೆ ಹೋಗಿ ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಮೇವಾಗುತ್ತವೆ. ಹೊಟ್ಟೆ ಉಬ್ಬರ ಅದರ ಫಲ. ಇವಲ್ಲದೆ ಕಣ್ಣಿಗೂ ಮೂಗಿಗೂ ಸಿಗದ ತೊಡಕುಗಳು ಬೇರೆ. ಟ್ರಿಪ್ಸಿನ್ ಪ್ರತಿಬಂಧಕಗಳು ಪ್ರೋಟೀನನ್ನು ಒಡೆಯುವ ನಮ್ಮ ಕಿಣ್ವದ ಕೈ ಕಟ್ಟಿಹಾಕುತ್ತವೆ. ಫೈಟಿಕ್ ಆಮ್ಲ ಕಬ್ಬಿಣ, ಸತು, ಸುಣ್ಣದ ಅಂಶಗಳನ್ನು ಹಿಡಿದಿಟ್ಟುಕೊಂಡು ಮೈಗೆ ಹತ್ತಗೊಡುವುದಿಲ್ಲ. ಅಷ್ಟೊಂದು ಪುಷ್ಟಿ ಒಳಗಿಟ್ಟುಕೊಂಡ ಕಾಳು ಅದನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ.

ಟೆಂಪೆ ಮಾಡುವ ಕ್ರಮವನ್ನು ಹತ್ತಿರದಿಂದ ನೋಡಿದರೆ ಈ ತೊಡಕುಗಳು ಒಂದೊಂದಾಗಿ ಎಲ್ಲಿ ಬಿಡುತ್ತವೆ ಎಂಬುದು ತಿಳಿಯುತ್ತದೆ. ಜಾವಾದ ಓಣಿಗಳಲ್ಲಿ ಇದು ಗುಡಿ ಕೈಗಾರಿಕೆ. ದೊಡ್ಡ ಡ್ರಮ್ಮಿನಲ್ಲಿ ಕಾಳನ್ನು ಒಮ್ಮೆ ಕುದಿಸಿ, ರಾತ್ರಿಯಿಡೀ ನೆನೆಹಾಕುತ್ತಾರೆ. ಅಲ್ಲಿನ ಸೆಕೆಗೆ ನೆನೆದ ನೀರು ತಾನಾಗಿ ಹುಳಿಯಾಗುತ್ತದೆ, ಮೇಲೆ ನೊರೆ ಕಟ್ಟುತ್ತದೆ. ನೆನೆದ ಕಾಳನ್ನು ಬುಟ್ಟಿಯಲ್ಲಿ ಹಾಕಿ ಕಾಲಲ್ಲಿ ತುಳಿದೋ, ಈಗೀಗ ಯಂತ್ರಕ್ಕೆ ಕೊಟ್ಟೋ ಸಿಪ್ಪೆ ಬಿಡಿಸಿ, ನೀರಿನಲ್ಲಿ ತೇಲಿಸಿ ತೆಗೆಯುತ್ತಾರೆ. ಬೇಳೆಯನ್ನು ಮತ್ತೆ ಬೇಯಿಸಿ, ಹರವಿ, ಮೈ ಆರಿದ ಮೇಲೆ ಹೆಪ್ಪು ಬೆರೆಸುತ್ತಾರೆ. ಹಿಂದೆ ಈ ಹೆಪ್ಪು ಇರುತ್ತಿದ್ದುದು ಎಲೆಯ ಮೇಲೆ: ದಾಸವಾಳದ ಕುಲಕ್ಕೆ ಸೇರಿದ ವಾರು ಮರದ ಎಲೆಯ ರೋಮವಿರುವ ಅಡಿಭಾಗದಲ್ಲಿ ಹಿಂದಿನ ಟೆಂಪೆಯ ಬೂಸ್ಟಿನ ಬೀಜಕಗಳು ಅಂಟಿ ಒಣಗಿರುತ್ತಿದ್ದವು. ಈಗ ಪುಡಿ ರೂಪದಲ್ಲಿ ಸಿಗುತ್ತದೆ. ಬಾಳೆ ಎಲೆಯಲ್ಲಿ ಕಟ್ಟಿಯೋ, ಸೂಜಿಯಿಂದ ಅಲ್ಲಲ್ಲಿ ಚುಚ್ಚಿದ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿಯೋ ಬಿದಿರಿನ ಅಟ್ಟಣಿಗೆಯ ಮೇಲೆ ಸಾಲಾಗಿ ಇಡುತ್ತಾರೆ. ರೈಜೋಪಸ್ ಆಲಿಗೋಸ್ಪೋರಸ್ ಎಂಬ ಈ ಬೂಸ್ಟಿಗೆ 30 ಡಿಗ್ರಿ ಆಸುಪಾಸಿನ ಶಾಖ ಸಾಕು. ಅರ್ಧ ದಿನ ಏನೂ ಕಾಣುವುದಿಲ್ಲ. ಆಮೇಲೆ ಚೀಲದೊಳಗೆ ಬೆವರು. ಬಿಳಿ ನೂಲು ಕಾಳಿನಿಂದ ಕಾಳಿಗೆ ಹಬ್ಬುತ್ತದೆ. ಅಷ್ಟು ಹೊತ್ತಿಗೆ ಬೂಸ್ಟು ತಾನೇ ಬಿಸಿ ಹುಟ್ಟಿಸಲು ತೊಡಗಿರುತ್ತದೆ. ಒಂದರ ಮೇಲೊಂದು ಪೇರಿಸಿದ್ದರೆ ನಡುವಿನ ಚೀಲಗಳು ಕಾದು ಕೆಡುತ್ತವೆ. ಅದಕ್ಕೇ ಮಾಡುವವರು ನಡುವೆ ಎದ್ದು ಅವನ್ನು ಬಿಡಿಬಿಡಿಯಾಗಿ ಹರಡುತ್ತಾರೆ. ಒಂದೂವರೆ ದಿನಕ್ಕೆ ಕಾಳೆಲ್ಲ ಬೆಸೆದುಕೊಂಡು, ಚಾಕುವಿನಲ್ಲಿ ಕೊಯ್ದರೆ ಪುಡಿಯಾಗದ ಗಟ್ಟಿ ಹಲಗೆ ಸಿದ್ಧ. ಅಣಬೆಯ ಹಾಗೆ ಮಂದ ಪರಿಮಳ.

ಈಗ ಲೆಕ್ಕಕ್ಕೆ ಬರೋಣ. ಹೊಟ್ಟೆ ಉಬ್ಬರಿಸುವ ಸಕ್ಕರೆಗಳನ್ನು ಬೂಸ್ಟು ತಿಂದು ಮುಗಿಸುತ್ತದೆ ಎಂದು ಎಲ್ಲರೂ ಬರೆಯುತ್ತಾರೆ. ಅಮೆರಿಕದ ಪಿಯೋರಿಯಾದ ಕೃಷಿ ಪ್ರಯೋಗಾಲಯದಲ್ಲಿ ಹೆಸೆಲ್ಟೈನ್ ಮತ್ತು ಅವರ ಸಂಗಡಿಗರು 1960ರ ದಶಕದಲ್ಲಿ ಪರೀಕ್ಷಿಸಿದಾಗ ಆ ಬೂಸ್ಟಿಗೆ ರಾಫಿನೋಸ್, ಸ್ಟಾಕಿಯೋಸ್ ಎರಡೂ ರುಚಿಸುವುದಿಲ್ಲ ಎಂದು ಕಂಡಿತು. ಅವು ಹೋಗುವುದು ಬಹುಪಾಲು ನೆನೆದ ನೀರನ್ನೂ ಬೆಂದ ನೀರನ್ನೂ ಚೆಲ್ಲುವಾಗ. ಟ್ರಿಪ್ಸಿನ್ ಪ್ರತಿಬಂಧಕದ ಮಾತೂ ಅಷ್ಟೇ. ಅದರ ಬಹುಭಾಗ ಅಡಗುವುದು ಕುದಿಯುವ ನೀರಿನಲ್ಲಿ. ಅಂದರೆ ಚರಿಗೆಯ ನೀರು, ಒಲೆಯ ಬೆಂಕಿ ಮಾಡಿದ ಕೆಲಸಕ್ಕೆ ಬೂಸ್ಟು ಹೆಸರು ಹೊಡೆದುಕೊಂಡಿದೆ. ಹಾಗೆಂದು ನೀರು ಚೆಲ್ಲುವುದು ಬರೀ ಲಾಭವೂ ಅಲ್ಲ. ನೀರಿನಲ್ಲಿ ಕರಗುವ ಬಿ ಗುಂಪಿನ ವಿಟಮಿನ್ನುಗಳ ಒಂದು ಪಾಲು ಅದರ ಜೊತೆಗೇ ಮೋರಿಗೆ ಹೋಗುತ್ತದೆ.

ಬೂಸ್ಟಿನ ನಿಜವಾದ ಕೆಲಸ ಬೇರೆ ಕಡೆ ಇದೆ. ಅದರ ಪ್ರೋಟಿಯೇಸ್ ಕಿಣ್ವಗಳು ಪ್ರೋಟೀನನ್ನು ಸಣ್ಣ ತುಣುಕುಗಳಾಗಿ, ಅಮೈನೋ ಆಮ್ಲಗಳಾಗಿ ಕತ್ತರಿಸುತ್ತವೆ. ಲೈಪೇಸ್ ಎಣ್ಣೆಯನ್ನು ಒಡೆಯುತ್ತದೆ. ನೂಲು ಕಾಳಿನ ಒಳಕ್ಕೆ ಇಳಿದು ಗೋಡೆಗಳನ್ನು ಸಡಿಲಿಸುತ್ತದೆ. ರೈಬೋಫ್ಲಾವಿನ್, ನಯಾಸಿನ್, ಬಿ6, ಫೋಲೇಟ್ ಏರುತ್ತವೆ. ಥಯಾಮಿನ್ ಮಾತ್ರ ಇಳಿಯುತ್ತದೆ. ಜಾಹೀರಾತುಗಳಲ್ಲಿ ಈ ಇಳಿತದ ಸುದ್ದಿ ಇರುವುದಿಲ್ಲ. ಸೋಯಾದ ಐಸೋಫ್ಲೇವೋನುಗಳು ಸಕ್ಕರೆಯ ಕೊಂಡಿ ಕಳಚಿಕೊಂಡು ಬೇಗ ಹೀರಿಕೆಯಾಗುವ ರೂಪಕ್ಕೆ ಬರುತ್ತವೆ ಎಂಬುದೂ ನಿಜ. ಅದನ್ನೇ ಹಿಡಿದು ಕ್ಯಾನ್ಸರಿನಿಂದ ಮುಟ್ಟುನಿಲ್ಲುವ ಕಾಲದ ತೊಂದರೆಗಳವರೆಗೆ ಎಲ್ಲಕ್ಕೂ ಮದ್ದು ಎಂದು ಮಾರುವುದು ಅತಿಯಾಯಿತು.

ಪ್ರೋಟೀನಿನ ವಿಷಯದಲ್ಲಿ ಇನ್ನೂ ಒಂದು ಮುಜುಗರದ ಫಲಿತಾಂಶವಿದೆ. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಕೀತ್ ಸ್ಟೈನ್‌ಕ್ರಾಸ್ ಮತ್ತು ಸಂಗಡಿಗರು ಟೆಂಪೆಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದವರು. ಅವರ ತಂಡ 1964ರಲ್ಲಿ ಎಳೆ ಇಲಿಗಳಿಗೆ ಟೆಂಪೆಯನ್ನೂ ಚೆನ್ನಾಗಿ ಬೇಯಿಸಿದ ಬರೀ ಸೋಯಾವನ್ನೂ ತಿನ್ನಿಸಿ ಬೆಳವಣಿಗೆ ಅಳೆಯಿತು. ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹಾಗಾದರೆ ಸೆರೆಶಿಬಿರದ ಕಥೆ? ಅಲ್ಲಿ ಉರುವಲು ಕಡಿಮೆ, ಕಾಳು ಅರೆಬೆಂದದ್ದು, ತಿನ್ನುವವರ ಕರುಳು ರೋಗದಿಂದ ಸೋತದ್ದು. ಆರೋಗ್ಯವಂತ ಇಲಿಗೆ ಬೇಡವಾಗಿದ್ದ ಸಹಾಯ ಆ ಕೈದಿಗಳಿಗೆ ಬೇಕಿತ್ತು. ಎಳೆಮಕ್ಕಳು, ಭೇದಿಯಿಂದ ಎದ್ದವರು, ಹಲ್ಲಿಲ್ಲದ ಮುದುಕರು ಇಂಥವರಿಗೆ ಹುದುಗಿದ ಸೋಯಾ ಬೇಯಿಸಿದ ಸೋಯಾಕ್ಕಿಂತ ಮೇಲು ಎನ್ನುವುದಕ್ಕೆ ಅರ್ಥವಿದೆ. ಗಟ್ಟಿಮುಟ್ಟಾದವರಿಗೆ ಕುಕ್ಕರಿನಲ್ಲಿ ಚೆನ್ನಾಗಿ ಬೆಂದ ಕಾಳೂ ಅದೇ ಪ್ರೋಟೀನು ಕೊಡುತ್ತದೆ.

ಫೈಟಿಕ್ ಆಮ್ಲದ ಲೆಕ್ಕವನ್ನು 1977ರಲ್ಲಿ ಸುದರ್ಮಾಜಿ ಮತ್ತು ಮಾರ್ಕಾಕಿಸ್ ಕೊಟ್ಟರು: ಬೂಸ್ಟಿನ ಫೈಟೇಸ್ ಕಿಣ್ವ ಅದನ್ನು ಸುಮಾರು ಮೂರನೇ ಒಂದು ಭಾಗದಷ್ಟು ಇಳಿಸುತ್ತದೆ. ಮೂರರಲ್ಲಿ ಎರಡು ಪಾಲು ಉಳಿದೇ ಉಳಿಯುತ್ತದೆ. ರಕ್ತಹೀನತೆ ಮನೆಮನೆಯ ಸಮಸ್ಯೆಯಾಗಿರುವ ನಮ್ಮಂಥ ನಾಡಿನಲ್ಲಿ ಆ ಉಳಿಕೆ ಸಣ್ಣದಲ್ಲ. ಹುದುಗುವ ಮೊದಲು ಕಾಳನ್ನು ಮೊಳಕೆ ಬರಿಸುವುದು, ಫೈಟೇಸ್ ಹೆಚ್ಚು ಹುಟ್ಟಿಸುವ ತಳಿಯ ಬೂಸ್ಟನ್ನು ಆರಿಸುವುದು, ಹೀಗೆ ಸಂಶೋಧಕರು ಹಿಡಿದಿರುವ ದಾರಿಗಳು ಹಲವು. ಮನೆಯ ದಾರಿ ಇವೆಲ್ಲಕ್ಕಿಂತ ಅಗ್ಗ. ತಟ್ಟೆಯಲ್ಲಿ ನಿಂಬೆಹಣ್ಣು ಹಿಂಡಿಕೊಂಡರೆ ಅದರ ವಿಟಮಿನ್ ಸಿ ಫೈಟಿಕ್ ಆಮ್ಲವಿದ್ದರೂ ಕಬ್ಬಿಣ ಮೈಗೆ ಹತ್ತುವಂತೆ ಮಾಡುತ್ತದೆ. ಊಟದ ಹಿಂದೆಯೇ ಕಾಫಿ, ಟೀ ಕುಡಿದರೆ ಆ ಲಾಭ ಹೋಯಿತು.

ಇಡೀ ವಿಷಯದಲ್ಲಿ ಅತ್ಯಂತ ಸ್ವಾರಸ್ಯಕರವಾದದ್ದು ಬಿ12ರ ಕಥೆ. ಗಿಡಮರಗಳು ಈ ವಿಟಮಿನ್ನನ್ನು ತಯಾರಿಸುವುದಿಲ್ಲ, ಬೂಸ್ಟೂ ತಯಾರಿಸುವುದಿಲ್ಲ. ಅದು ಬ್ಯಾಕ್ಟೀರಿಯಾಗಳ ಸೊತ್ತು. ಹಾಲು, ಮೊಟ್ಟೆ, ಮಾಂಸದಿಂದಲೇ ನಮಗೆ ಸಿಗಬೇಕು. ಹೀಗಿದ್ದೂ ಇಂಡೋನೇಷ್ಯಾದ ಸಂತೆಯ ಟೆಂಪೆಯಲ್ಲಿ ಬಿ12 ಕಂಡಿತು. ಎಲ್ಲಿಂದ ಬಂತು? 1977ರಲ್ಲಿ ಲಿಯೆಮ್, ಸ್ಟೈನ್‌ಕ್ರಾಸ್, ಕ್ರಾಂಕ್ ಮೂವರು ಇದರ ಜಾಡು ಹಿಡಿದರು. ಶುದ್ಧ ಬೂಸ್ಟು ಮಾತ್ರ ಬೆರೆಸಿದ ಟೆಂಪೆಯಲ್ಲಿ ಬಿ12 ಇಲ್ಲ. ಕ್ಲೆಬ್‌ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾ ಜೊತೆಗಿದ್ದರೆ ಇದೆ. ಅದು ಯಾರೂ ಬೇಕೆಂದು ಹಾಕಿದ್ದಲ್ಲ. ನೀರಿನಿಂದಲೋ ಪಾತ್ರೆಯಿಂದಲೋ ಎಲೆಯಿಂದಲೋ ಬಂದು ಸೇರಿಕೊಂಡದ್ದು.

ಇಲ್ಲಿ ಒಂದು ಇಕ್ಕಟ್ಟು ಎದುರಾಯಿತು. ಟೆಂಪೆ ಅಮೆರಿಕ, ಯುರೋಪಿಗೆ ಹೋದಾಗ ಕಾರ್ಖಾನೆಗಳು ಸ್ಟೀಲ್ ಪಾತ್ರೆ, ಶುದ್ಧ ಹೆಪ್ಪು, ಕೈಗವಸು ಹಾಕಿದ ಕೈಗಳನ್ನು ತಂದವು. ಶುಚಿತ್ವ ಬಂತು, ಬಿ12 ಹೋಯಿತು. ಆದರೂ ಸಸ್ಯಾಹಾರಿಗಳ ನಡುವೆ ಟೆಂಪೆ ಎಂದರೆ ಬಿ12 ಎಂಬ ಮಾತು ಉಳಿದುಬಿಟ್ಟಿತು. ಜಾವಾದ ಸಂತೆಯಲ್ಲಿ ಅಳೆದ ಅಂಕಿಯನ್ನು ಶುದ್ಧ ಹೆಪ್ಪಿನಿಂದ ಮಾಡಿದ ಪೊಟ್ಟಣದ ಮೇಲೆ ಹೊರಿಸಿದಂತೆ ಇದು. ಆ ಸಂತೆಯ ಟೆಂಪೆಯಲ್ಲೂ ಮಾದರಿಯಿಂದ ಮಾದರಿಗೆ ಅಜಗಜಾಂತರ.

ಹಾಗಾದರೆ ಮತ್ತೆ ಕೊಳಕಿಗೆ ಮರಳಬೇಕೇ? ಬೇಡ. ಕ್ಲೆಬ್‌ಸಿಯೆಲ್ಲಾ ನ್ಯುಮೋನಿಯೇ ಎಂಬ ಹೆಸರು ಕೇಳಿದರೇ ಆಸ್ಪತ್ರೆಯವರು ಬೆಚ್ಚುತ್ತಾರೆ. ಟೆಂಪೆಯಲ್ಲಿ ಸಿಕ್ಕ ತಳಿಗಳು ರೋಗಿಗಳಿಂದ ತೆಗೆದ ತಳಿಗಳಿಗಿಂತ ತಳಿಗುಣದಲ್ಲಿ ಬೇರೆ ಎಂದು ಇಂಡೋನೇಷ್ಯಾದ ಸಂಶೋಧಕರು ತೋರಿಸಿದ್ದಾರೆ, ನಿಜ. ಆದರೂ ಅದನ್ನು ಬೇಕೆಂದೇ ಆಹಾರಕ್ಕೆ ಬೆರೆಸಲು ಯಾವ ಕಂಪನಿಯೂ ಧೈರ್ಯ ಮಾಡಲಾರದು. ಜರ್ಮನಿಯಲ್ಲಿ ಸಿಟ್ರೋಬ್ಯಾಕ್ಟರ್ ಫ್ರಾಯಿಂಡಿ ಎಂಬ ಬ್ಯಾಕ್ಟೀರಿಯಾ ಹಾಕಿ ನೋಡಿದರು. ಬಿ12 ಬಂತು, ಆದರೆ ಅದರ ಹೆಸರಿಗೂ ಅಷ್ಟೊಂದು ಗೌರವವಿಲ್ಲ. ಕೊನೆಗೆ ಒಳ್ಳೆಯ ಆಸಾಮಿಯಾಗಿ ಸಿಕ್ಕಿದ್ದು ಪ್ರೊಪಿಯಾನಿಬ್ಯಾಕ್ಟೀರಿಯಂ ಫ್ರಾಯಿಡೆನ್‌ರೈಖಿ. ಸ್ವಿಸ್ ಚೀಸಿನಲ್ಲಿ ತೂತುಗಳನ್ನು ಮಾಡುವ ಇದನ್ನು ಜನ ಕಾಲದಿಂದ ತಿನ್ನುತ್ತ ಬಂದಿದ್ದಾರೆ. ನೆದರ್‌ಲ್ಯಾಂಡ್ಸಿನ ವಾಗೆನಿಂಗೆನ್ ವಿಶ್ವವಿದ್ಯಾಲಯದವರು 2018ರಲ್ಲಿ ಲುಪಿನ್ ಕಾಳಿನ ಟೆಂಪೆಯಲ್ಲಿ ಬೂಸ್ಟಿನ ಜೊತೆ ಇದನ್ನೂ ಬೆಳೆಸಿ ಬಿ12 ಏರಿಸಿ ತೋರಿಸಿದರು. ವಯಸ್ಕರಿಗೆ ದಿನಕ್ಕೆ ಬೇಕಾದದ್ದು ಎರಡು, ಎರಡೂವರೆ ಮೈಕ್ರೋಗ್ರಾಂ. ಗ್ರಾಮಿನ ಹತ್ತು ಲಕ್ಷದಲ್ಲಿ ಎರಡು ಪಾಲು. ಆದ್ದರಿಂದ ಈ ದಾರಿ ಕೈಗೆಟುಕದ್ದೇನಲ್ಲ. ನನ್ನ ಮಟ್ಟಿಗೆ ಹುದುಗಿದ ಸೋಯಾವನ್ನು ಪುಷ್ಟಿಗೊಳಿಸುವ ಕೆಲಸದಲ್ಲಿ ಎಲ್ಲಕ್ಕಿಂತ ಮುಂದೆ ಇಡಬೇಕಾದ ಹೆಜ್ಜೆ ಇದೇ. ಅದರಲ್ಲೂ ಬಿ12 ಕೊರತೆ ವ್ಯಾಪಕವಾಗಿರುವ, ಸಸ್ಯಾಹಾರಿಗಳು ಹೆಚ್ಚಿರುವ ನಮ್ಮ ದೇಶದಲ್ಲಿ.

ಸೂಕ್ಷ್ಮಜೀವಿಯ ತಳಿ ಆರಿಸಿ ಪೋಷಣೆ ಹೆಚ್ಚಿಸುವ ಆಟವನ್ನು ಚೆನ್ನಾಗಿ ಆಡಿದವರು ಜಪಾನಿನವರು. ನಾಟೊ ಎಂಬ ಅವರ ಹುದುಗಿದ ಸೋಯಾ ಬೂಸ್ಟಿನದಲ್ಲ, ಬ್ಯಾಸಿಲಸ್ ಸಬ್‌ಟಿಲಿಸ್ ಎಂಬ ಬ್ಯಾಕ್ಟೀರಿಯಾದ್ದು. ಕಡ್ಡಿಯಲ್ಲಿ ಎತ್ತಿದರೆ ಲೋಳೆ ನೂಲುನೂಲಾಗಿ ಜೋತುಬೀಳುತ್ತದೆ. ಮೊದಲು ಭತ್ತದ ಹುಲ್ಲಿನಲ್ಲಿ ಕಟ್ಟಿಟ್ಟು ಮಾಡುತ್ತಿದ್ದರು. ಹುಲ್ಲಿನಲ್ಲೇ ಆ ಬ್ಯಾಕ್ಟೀರಿಯಾ ಇರುತ್ತಿತ್ತು. ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ ಸವಾಮುರಾ ಅದನ್ನು ಬೇರ್ಪಡಿಸಿದ ಮೇಲೆ ಹುಲ್ಲು ಬಿಟ್ಟು ಹೆಪ್ಪು ಬಂತು. ನಾಟೊದ ಹೆಗ್ಗಳಿಕೆ ವಿಟಮಿನ್ ಕೆ2. 100 ಗ್ರಾಂ ನಾಟೊದಲ್ಲಿ ಅದರ ಎಂಕೆ-7 ರೂಪ ಒಂದು ಮಿಲಿಗ್ರಾಂ ಆಸುಪಾಸಿನಲ್ಲಿರುತ್ತದೆ. ಬೇರೆ ಯಾವ ಆಹಾರವೂ ಇದರ ಸಮಕ್ಕೆ ಬರುವುದಿಲ್ಲ. ರಕ್ತ ಹೆಪ್ಪುಗಟ್ಟಲು, ಮೂಳೆಯಲ್ಲಿ ಸುಣ್ಣ ಕೂರಲು ಬೇಕಾದ ವಿಟಮಿನ್ ಇದು. ನಾಟೊ ಹೆಚ್ಚು ತಿನ್ನುವ ಟೋಕಿಯೊ ಹೆಂಗಸರ ರಕ್ತದಲ್ಲಿ ಎಂಕೆ-7 ಹೆಚ್ಚು, ಅಷ್ಟಾಗಿ ತಿನ್ನದ ಹಿರೋಶಿಮಾದವರಲ್ಲಿ ಕಡಿಮೆ ಎಂದು ಕನೆಕಿ ತಂಡ 2001ರಲ್ಲಿ ತೋರಿಸಿತು. ನಾಟೊ ತಿನ್ನುವ ಪ್ರಾಂತ್ಯಗಳಲ್ಲಿ ಸೊಂಟದ ಮೂಳೆ ಮುರಿತ ಕಡಿಮೆ ಎಂಬ ಹೊಂದಾಣಿಕೆಯೂ ಅದರಲ್ಲಿ ಕಂಡಿತು. ಹೊಂದಾಣಿಕೆ ಕಂಡ ಮಾತ್ರಕ್ಕೆ ಅದೇ ಕಾರಣ ಎನ್ನಲಾಗದು. ಆದರೂ ಸುಳಿವು ಬಲವಾದದ್ದು. ಕೆ2 ಹೆಚ್ಚು ಹುಟ್ಟಿಸುವ ತಳಿ ಆರಿಸಿ ಮಾಡಿದ ನಾಟೊ ಅಲ್ಲಿನ ಅಂಗಡಿಗಳಿಗೆ ಬಂದು ವರ್ಷಗಳಾದವು. ಟೆಂಪೆಯಲ್ಲೂ ಅವರು ಇಂಥದೇ ಒಂದು ಕೈಚಳಕ ತೋರಿಸಿದ್ದಾರೆ: ಬೂಸ್ಟು ಚೆನ್ನಾಗಿ ಬೆಳೆದ ಮೇಲೆ ಗಾಳಿ ಬಂದ್ ಮಾಡಿ ಕೆಲವು ಗಂಟೆ ಇಟ್ಟರೆ ಗಾಬಾ ಎಂಬ ಅಮೈನೋ ಆಮ್ಲ ಏರುತ್ತದೆ.

ನಾಟೊಗೆ ನೆಂಟರು ನಮ್ಮ ದೇಶದಲ್ಲೇ ಇದ್ದಾರೆ. ಸಿಕ್ಕಿಂ, ಡಾರ್ಜಿಲಿಂಗ್ ಕಡೆ ಕಿನೆಮಾ, ಮಣಿಪುರದಲ್ಲಿ ಹವಾಯ್‌ಜಾರ್, ನಾಗಾಲ್ಯಾಂಡಿನಲ್ಲಿ ಆಖುನಿ, ಮೇಘಾಲಯದಲ್ಲಿ ತುಂಗ್‌ರಿಂಬಾಯ್, ಮಿಜೋರಾಂನಲ್ಲಿ ಬೆಕಾಂಗ್, ಅರುಣಾಚಲದಲ್ಲಿ ಪೆರುಯಾನ್. ಎಲ್ಲದರಲ್ಲೂ ದುಡಿಯುವುದು ಬ್ಯಾಸಿಲಸ್. ಕಿನೆಮಾ ಮಾಡುವ ಲಿಂಬು, ರಾಯ್ ಮನೆಗಳ ಹೆಂಗಸರು ನೆನೆದ ಕಾಳನ್ನು ಬೆರಳಿಗೆ ಹಿಸುಕಿದರೆ ಮೆತ್ತಗಾಗುವಷ್ಟು ಬೇಯಿಸಿ, ಮರದ ಒರಳಿನಲ್ಲಿ ಒನಕೆಯಿಂದ ಹಗುರಾಗಿ ಕುಟ್ಟುತ್ತಾರೆ. ನುಣ್ಣಗಾಗಬಾರದು, ಕಾಳು ಎರಡು ಹೋಳಾದರೆ ಸಾಕು. ಅದಕ್ಕೆ ಒಲೆಯ ಬೂದಿ ಒಂದು ಚಿಟಿಕೆ. ಬೂದಿಯ ಕ್ಷಾರ ಬ್ಯಾಸಿಲಸ್‌ಗೆ ಹಿತ. ಆಮೇಲೆ ಬಿದಿರಿನ ಬುಟ್ಟಿಗೆ ಜರಿಗಿಡದ ಎಲೆ ಹಾಸಿ, ಕಾಳು ತುಂಬಿ, ಗೋಣಿ ಮುಚ್ಚಿ, ಒಲೆಯ ಮೇಲಿನ ಬೆಚ್ಚನೆಯ ಅಟ್ಟದಲ್ಲಿ ಒಂದರಿಂದ ಮೂರು ದಿನ. ಕಾಳಿನ ಮೈಮೇಲೆ ಬೂದುಬಿಳಿ ಲೋಳೆ ಕಟ್ಟಿ, ಅಮೋನಿಯಾ ಘಾಟು ಹೊಡೆದರೆ ಹದ ಬಂತು ಎಂದರ್ಥ. ಎಣ್ಣೆಯಲ್ಲಿ ಈರುಳ್ಳಿ, ಟೊಮೆಟೊ, ಅರಿಶಿನದ ಜೊತೆ ಹುರಿದು ಸಾರು ಮಾಡಿ ಅನ್ನಕ್ಕೆ ಕಲಸಿಕೊಳ್ಳುತ್ತಾರೆ.

ಈ ಘಾಟಿನ ಸಾಮಾಜಿಕ ಬೆಲೆ ಏನೆಂದು ದಿಲ್ಲಿಯ ಬಾಡಿಗೆ ಮನೆಯಲ್ಲಿ ಆಖುನಿ ಬೇಯಿಸಲು ಹೊರಟ ಈಶಾನ್ಯದ ಗೆಳೆಯರ ಕಥೆ ಹೇಳುವ ನಿಕೋಲಸ್ ಖಾರ್ಕೊಂಗೊರ್ ಅವರ 2019ರ ಸಿನಿಮಾ 'ಆಖುನಿ' ನೋಡಿದವರಿಗೆ ಗೊತ್ತು. ಬೆಂಗಳೂರಿನಲ್ಲಿ ಈಶಾನ್ಯದವರು ನೆಲೆಸಿರುವ ಓಣಿಗಳಲ್ಲಿಯೂ ಆಖುನಿ ಸಿಗುತ್ತದೆ, ಬಾಡಿಗೆ ಮನೆಯ ಗೊಣಗಾಟವೂ ಸಿಗುತ್ತದೆ. ಹಿತ್ತಲಿನಲ್ಲಿ ಒಣಮೀನು ಹುರಿಯುವ ಊರಿನವರೇ ಮೂಗು ಮುಚ್ಚಿಕೊಳ್ಳುವುದು ಮಾತ್ರ ಸೋಜಿಗ.

ಸಿಕ್ಕಿಂನ ಜ್ಯೋತಿ ಪ್ರಕಾಶ್ ತಮಾಂಗ್ ಈ ಆಹಾರಗಳ ಸೂಕ್ಷ್ಮಜೀವಿಗಳ ಅಧ್ಯಯನಕ್ಕೆ ತಮ್ಮ ವೃತ್ತಿಜೀವನವನ್ನೇ ಕೊಟ್ಟವರು. ಕಿನೆಮಾಕ್ಕೆ ಯಾವ ತಳಿಯ ಹೆಪ್ಪು ಒಳ್ಳೆಯದು ಎಂದು ಆರಿಸುವ ಕೆಲಸವನ್ನು ಅವರು 1990ರ ದಶಕದಲ್ಲೇ ಮಾಡಿದರು. ಇದರ ಅಗತ್ಯ ಬರೀ ರುಚಿಗಲ್ಲ. ಹೆಪ್ಪಿಲ್ಲದೆ ಹುದುಗಿಸಿದ, ಸಂತೆಗೆ ಬಂದ ಕಿನೆಮಾದ ಕೆಲವು ಮಾದರಿಗಳಲ್ಲಿ ವಾಂತಿಭೇದಿ ತರಬಲ್ಲ ಬ್ಯಾಸಿಲಸ್ ಸೀರಿಯಸ್ ಕೂಡ ಕಂಡಿದೆ. ಚೆನ್ನಾಗಿ ಹುರಿದು ಬೇಯಿಸುವ ಪದ್ಧತಿ ಇರುವುದರಿಂದ ಅಪಾಯ ತಗ್ಗುತ್ತದೆ. ಆರಿಸಿದ ಹೆಪ್ಪಿನಿಂದ ಕೆಟ್ಟವರಿಗೆ ಜಾಗ ಸಿಗುವುದಿಲ್ಲ, ಹುದುಗುವ ಹೊತ್ತು ಕಡಿಮೆಯಾಗುತ್ತದೆ. ಇಂಫಾಲದ ಜೈವಿಕ ಸಂಪನ್ಮೂಲ ಸಂಸ್ಥೆಯಲ್ಲಿ ಹವಾಯ್‌ಜಾರ್ ಮೇಲೂ ಇಂಥ ಕೆಲಸ ನಡೆದಿದೆ. ಆದರೆ ಘಾಟು ತೆಗೆದು ಎಲ್ಲರಿಗೂ ಒಪ್ಪುವಂತೆ ಮಾಡುತ್ತೇವೆ ಎಂದು ಹೊರಟರೆ ಅದನ್ನು ತಿನ್ನುವವರೇ ಬಿಟ್ಟುಬಿಡುತ್ತಾರೆ. ಯಾರೂ ತಿನ್ನದ ಆಹಾರದ ಪೋಷಣೆ ಸೊನ್ನೆ.

ಜಪಾನಿನ ಹುದುಗಿದ ಸೋಯಾ ಮುದ್ದೆಯಾದ ಮಿಸೊ, ಸೋಯಾ ಸಾಸ್ ಇವುಗಳ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಮಿಸೊದಲ್ಲಿ ಶೇ 12ರ ಸುಮಾರಿಗೆ ಉಪ್ಪಿರುತ್ತದೆ. ದಿನಕ್ಕೆ ಉಪ್ಪು 5 ಗ್ರಾಂ ದಾಟಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೀಗಾಗಿ ಅವು ರುಚಿಗೆ ಹಾಕುವ ಪದಾರ್ಥಗಳೇ ಹೊರತು ಪ್ರೋಟೀನಿಗಾಗಿ ಉಣ್ಣುವಂಥವಲ್ಲ. ಅಲ್ಲಿ ಸುಧಾರಣೆ ಎಂದರೆ ಮೊದಲು ಉಪ್ಪು ಇಳಿಸುವುದು. ಉಪ್ಪು ಇಳಿಸಿದರೆ ಕೆಡಿಸುವ ಬ್ಯಾಕ್ಟೀರಿಯಾ ತಲೆ ಎತ್ತುತ್ತದೆ. ಕೊರಿಯಾ, ಜಪಾನಿನ ಕಾರ್ಖಾನೆಗಳು ಈ ಎರಡರ ನಡುವೆ ತೂಗುತ್ತಿವೆ.

ಸುಧಾರಣೆ ಹೊಲದಿಂದಲೇ ಶುರುವಾಗಬಹುದು ಎನ್ನುವುದಕ್ಕೆ ಇಂದೋರಿನ ಸೋಯಾ ಸಂಶೋಧನಾ ಸಂಸ್ಥೆ ಸಾಕ್ಷಿ. ಅಲ್ಲಿ ಬಂದ ಎನ್‌ಆರ್‌ಸಿ 127 ತಳಿಯಲ್ಲಿ ಕುನಿಟ್ಜ್ ಟ್ರಿಪ್ಸಿನ್ ಪ್ರತಿಬಂಧಕವೇ ಇಲ್ಲ. ಎನ್‌ಆರ್‌ಸಿ 142ರಲ್ಲಿ ಅದರ ಜೊತೆ ವಾಸನೆ ಹುಟ್ಟಿಸುವ ಲಿಪಾಕ್ಸಿಜನೇಸ್-2 ಕೂಡ ಇಲ್ಲ. ಇಂಥ ಕಾಳಿಗೆ ಕಡಿಮೆ ಬೇಯಿಸುವಿಕೆ ಸಾಕು, ಉರುವಲು ಉಳಿಯುತ್ತದೆ, ಶಾಖಕ್ಕೆ ಹಾಳಾಗುವ ವಿಟಮಿನ್ನೂ ಉಳಿಯುತ್ತದೆ. ನಮ್ಮ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಡಿಎಸ್‌ಬಿ 21 ತುಕ್ಕು ರೋಗ ತಡೆಯುವುದಕ್ಕೆ ಹೆಸರಾದದ್ದು. ರೋಗ ತಡೆಯುವ ಗುಣವೂ ಊಟಕ್ಕೆ ಒಗ್ಗುವ ಗುಣವೂ ಒಂದೇ ಬೀಜದಲ್ಲಿ ಸೇರಿದರೆ ಬೀದರಿನ ರೈತ ತನ್ನ ಮನೆಗೂ ಒಂದು ಚೀಲ ಎತ್ತಿಡಬಹುದು.

ಎಷ್ಟೇ ಹುದುಗಿಸಿದರೂ ತುಂಬದ ಕೊರತೆಯೊಂದಿದೆ. ಸೋಯಾ ಪ್ರೋಟೀನಿನಲ್ಲಿ ಮೆಥಿಯೋನಿನ್ ಎಂಬ ಅಮೈನೋ ಆಮ್ಲ ಕಡಿಮೆ. ಬೂಸ್ಟಾಗಲಿ ಬ್ಯಾಸಿಲಸ್ ಆಗಲಿ ಅದನ್ನು ಲೆಕ್ಕಕ್ಕೆ ಬರುವಷ್ಟು ಕೂಡಿಸುವುದಿಲ್ಲ. ಅದು ಸಿಗುವುದು ಧಾನ್ಯದಿಂದ. ಧಾನ್ಯಕ್ಕೆ ಕೊರತೆಯಾದ ಲೈಸಿನ್ ಸೋಯಾದಲ್ಲಿ ಧಾರಾಳ. ಕಿನೆಮಾಕ್ಕೆ ಅನ್ನ, ಟೆಂಪೆಗೆ ಅನ್ನ ಜೊತೆಯಾದದ್ದು ಸುಮ್ಮನೆ ಅಲ್ಲ. ನಮ್ಮಲ್ಲಿ ರಾಗಿ ಇದೆ. ಮೆಥಿಯೋನಿನ್ನೂ ಇದೆ, ಸುಣ್ಣವೂ ಇದೆ. ಟೆಂಪೆಯ ತುಂಡುಗಳನ್ನು ಹಾಕಿದ ಸಾರಿನೊಂದಿಗೆ ಮುದ್ದೆ ಉಂಡರೆ ಎರಡರ ಪ್ರೋಟೀನೂ ಒಂದಕ್ಕೊಂದು ಒದಗಿ ಬರುತ್ತದೆ. ಟೆಂಪೆಯನ್ನು ಎಣ್ಣೆಯಲ್ಲಿ ಕೆಂಪಾಗಿ, ಗರಿಗರಿಯಾಗಿ ಬಹಳ ಹೊತ್ತು ಕರಿಯುವ ಅಭ್ಯಾಸ ಬಾಯಿಗೆ ಹಿತ. ಆದರೆ ಆ ಶಾಖಕ್ಕೆ ಮೊದಲು ಹಾಳಾಗುವುದು ಅದೇ ಲೈಸಿನ್. ಆವಿಯಲ್ಲಿ ಬೇಯಿಸಿ ಒಗ್ಗರಣೆ ಹಾಕಿದರೆ, ಇಲ್ಲವೇ ಪಲ್ಯಕ್ಕೆ ಹಾಕಿದರೆ ನಷ್ಟ ಕಡಿಮೆ.

ಇಡ್ಲಿ ಹಿಟ್ಟಿಗೆ ಸೋಯಾ ಬೆರೆಸಬಹುದೇ ಎಂದು ಕೇಳುವವರಿದ್ದಾರೆ. ಸ್ಟೈನ್‌ಕ್ರಾಸ್ ತಂಡ 1960ರ ದಶಕದಲ್ಲೇ ಉದ್ದಿನ ಜಾಗದಲ್ಲಿ ಸೋಯಾ ಹಾಕಿ ಇಡ್ಲಿ ಮಾಡಿ ನೋಡಿತ್ತು. ಉದ್ದಿನ ಲೋಳೆ ಹಿಟ್ಟಿನಲ್ಲಿ ಗಾಳಿ ಹಿಡಿದಿಡುತ್ತದೆ, ಆ ಗುಣ ಸೋಯಾಕ್ಕಿಲ್ಲ. ಹಾಗಾಗಿ ಉದ್ದಿನ ಕಾಲುಭಾಗಕ್ಕಿಂತ ಹೆಚ್ಚು ಬದಲಿಸಲು ಹೋಗಬೇಡಿ ಎಂಬುದು ನನ್ನ ಸಲಹೆ. ಕಾಳನ್ನು ನೆನೆಸಿ, ಸಿಪ್ಪೆ ತೆಗೆದು, ಕುದಿಯುವ ನೀರಿಗೆ ಹಾಕಿ ಹತ್ತು ಹದಿನೈದು ನಿಮಿಷ ಬೇಯಿಸಿದ ಮೇಲೆ ರುಬ್ಬಿದರೆ ಹಸಿ ನಾತ ಬರುವುದಿಲ್ಲ. ಒಂದು ರಾತ್ರಿಯ ಇಡ್ಲಿ ಹುಳಿ ಟೆಂಪೆಯಷ್ಟು ಆಳವಾಗಿ ಪ್ರೋಟೀನನ್ನು ಒಡೆಯುವುದಿಲ್ಲ. ಪ್ರೋಟೀನಿನ ಪ್ರಮಾಣ ಮಾತ್ರ ಖಂಡಿತ ಏರುತ್ತದೆ.

ಮನೆಯಲ್ಲೇ ಟೆಂಪೆ ಮಾಡಲು ಹೊರಟವರು ಇಂಡೋನೇಷ್ಯಾದ ಇನ್ನೊಂದು ಪಾಠವನ್ನೂ ತಿಳಿದಿರಬೇಕು. ಅಲ್ಲಿ ಕೊಬ್ಬರಿ ಹಿಂಡಿಯಿಂದ ಮಾಡುತ್ತಿದ್ದ ಟೆಂಪೆ ಬೊಂಗ್‌ಕ್ರೆಕ್ ತಿಂದು ವರ್ಷವರ್ಷವೂ ಜನ ಸಾಯುತ್ತಿದ್ದರು. ಒಂದು ಬ್ಯಾಕ್ಟೀರಿಯಾ ಅದರಲ್ಲಿ ಬೇಯಿಸಿದರೂ ಹೋಗದ ವಿಷವನ್ನು ಹುಟ್ಟಿಸುತ್ತದೆ. 1988ರಲ್ಲಿ ಸರ್ಕಾರ ಅದನ್ನು ನಿಷೇಧಿಸಿತು. ಸೋಯಾ ಟೆಂಪೆಯಲ್ಲಿ ಆ ಭಯ ಬಹಳ ಕಡಿಮೆ, ಆದರೂ ಅದಕ್ಕೆ ಕೊಬ್ಬರಿ ಬೆರೆಸುವ ಪ್ರಯೋಗ ಬೇಡ. ನೆನೆಹಾಕಿದ ನೀರು ಹುಳಿಯಾಗಲಿ. ಚಳಿಗೆ ಆಗದಿದ್ದರೆ ಬೇಯಿಸುವಾಗ ಒಂದೆರಡು ಚಮಚ ವಿನೆಗರ್ ಹಾಕಿ. ಚುಚ್ಚಿದ ತೂತುಗಳ ಬಳಿ ಕಪ್ಪು, ಬೂದು ಚುಕ್ಕಿ ಕಂಡರೆ ಅದು ಬೂಸ್ಟಿನ ಬೀಜಕ, ಭಯವಿಲ್ಲ. ಗುಲಾಬಿಯೋ ಹಳದಿಯೋ ಬಣ್ಣ, ಲೋಳೆ, ಕೊಳೆತ ವಾಸನೆ ಕಂಡರೆ ಎರಡನೇ ಯೋಚನೆ ಮಾಡದೆ ಎಸೆಯಿರಿ. ಟೆಂಪೆಗೆ ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡ ಆಯೋಗ 2013ರಲ್ಲಿ ಏಷ್ಯಾ ಪ್ರಾಂತ್ಯದ ಮಾನದಂಡವನ್ನೇ ಮಾಡಿದೆ. ಬೆಂಗಳೂರಿನಲ್ಲಿ ಈಗ ಟೆಂಪೆ ತಯಾರಿಸಿ ಮಾರುವವರಿದ್ದಾರೆ. ಬೆಲೆ ಮಾತ್ರ ಪನೀರಿಗೆ ಪೈಪೋಟಿ ಕೊಡುವಂತಿದೆ, ಬೇಳೆಗಲ್ಲ. ಮೈಸೂರಿನ ಸಿಎಫ್‌ಟಿಆರ್‌ಐಯಂಥ ಸಂಸ್ಥೆ ಬಿ12 ಕೊಡುವ ಜೋಡಿ ಹೆಪ್ಪನ್ನು ಮಹಿಳಾ ಸಂಘಗಳ ಕೈಗೆಟುಕುವ ಬೆಲೆಗೆ ಒದಗಿಸುವ ಕೆಲಸ ಕೈಗೆತ್ತಿಕೊಂಡರೆ ಆ ಚಿತ್ರ ಬದಲಾದೀತು.

ಅಲ್ಲಿಯವರೆಗೆ ಕೊಳ್ಳುವವರಿಗೆ ಎರಡು ಮಾತು. ಪೊಟ್ಟಣದ ಹಿಂಬದಿಯಲ್ಲಿ ಬಿ12ರ ಅಂಕಿ ಅಚ್ಚಾಗಿಲ್ಲದಿದ್ದರೆ ಅದರಲ್ಲಿ ಬಿ12 ಇಲ್ಲವೆಂದೇ ತಿಳಿಯಿರಿ. ಹಾಲು, ಮೊಸರು, ಮೊಟ್ಟೆ ಯಾವುದನ್ನೂ ಮುಟ್ಟದವರು ವೈದ್ಯರು ಕೊಟ್ಟ ಮಾತ್ರೆ ಬಿಡಬೇಡಿ. ಹೃದಯದ ಕವಾಟ ಬದಲಾಯಿಸಿಕೊಂಡೋ ಬೇರೆ ಕಾರಣಕ್ಕೋ ವಾರ್ಫರಿನ್ ಮಾತ್ರೆ ನುಂಗುತ್ತಿರುವವರು ನಾಟೊವನ್ನು ಮುಟ್ಟಲೇಬಾರದು, ಅದರ ಕೆ2 ಮಾತ್ರೆಯ ಕೆಲಸವನ್ನು ಕೆಡಿಸುತ್ತದೆ. ಅದೇ ಬ್ಯಾಸಿಲಸ್‌ನಿಂದ ಆದ ಕಿನೆಮಾ, ಆಖುನಿಗಳನ್ನು ತಿನ್ನುವ ಮೊದಲೂ ವೈದ್ಯರನ್ನು ಕೇಳಿ.